ಮಾನವೊಂದಾಗದೆ ಮಾರುಕಟ್ಟೆಯೊಂದಾಗದು

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಬೆಲೆ ಈಗ ಗಣಕಯಂತ್ರದ ಮೂಲಕ ನಿರ್ಧಾರವಾಗುತ್ತದೆ. ಚದುರಿದ ಮಾರುಕಟ್ಟೆಗಳನ್ನು ಹೆಣೆಯಲು ಕರ್ನಾಟಕವು 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನೂ ಕೇಂದ್ರವು 2016ರಲ್ಲಿ ‘ಇ-ನಾಮ್’ ಅನ್ನೂ ಆರಂಭಿಸಿದವು. 2020ರಲ್ಲಿ ಇವೆರಡನ್ನು ಬೆಸೆಯುವ ಏರ್ಪಾಡಾಯಿತು. ಇವುಗಳಲ್ಲಿ ಯಾವುದು ಮೇಲು? ಸೌಲಭ್ಯಗಳನ್ನೆಣಿಸಿ ತೀರ್ಪು ನೀಡುವುದು ತರವಲ್ಲ. ಒಂದು ಬರೆದುದನ್ನು ಇನ್ನೊಂದು ಅದೇ ಅರ್ಥದಲ್ಲಿ ಓದಬಲ್ಲುದೇ ಎಂಬುದೇ ನಿಜವಾದ ಒರೆಗಲ್ಲು. ಮಾನಗಳು ಒಂದಾಗದೆ ಅಳತೆಗಳನ್ನು ಹೋಲಿಸಲಾಗದೆಂಬುದು ಭೌತವಿಜ್ಞಾನದ ಮೊದಲ ಪಾಠವಷ್ಟೆ. ಉಂಡೆ ಕೊಬ್ಬರಿಗೂ ಹೋಳು ಕೊಬ್ಬರಿಗೂ ಬೆಂಬಲ ಬೆಲೆ ಬೇರೆ ಬೇರೆ. ಒಂದು ತಂತ್ರಾಂಶ ‘ಉಂಡೆ’ ಎಂದುದನ್ನು ಮತ್ತೊಂದು ಬರಿಯ ‘ಕೊಬ್ಬರಿ’ ಎಂದು ಗ್ರಹಿಸಿದರೆ, ತಂತಿ ಕೂಡಿದರೂ ಲೆಕ್ಕ ಕೂಡದು. ನಷ್ಟ ಯಂತ್ರಕ್ಕಲ್ಲ, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಬೆಳೆಗಾರನಿಗೆ. ಆದುದರಿಂದ ವಿದ್ಯಾರ್ಥಿಮಿತ್ರರೇ, ನಾಳೆ ತಂತ್ರಾಂಶವನ್ನು ಆರಿಸುವ ಹೊಣೆ ನಿಮ್ಮದಾದಾಗ ಅದರ ವೇಗವನ್ನು ಆಮೇಲೆ ಕೇಳಿರಿ. ಮೊದಲು ಅದರ ಭಾಷೆಯನ್ನು ವಿಚಾರಿಸಿರಿ.