ಇಲ್ಲವೆಂಬುದರ ಲೆಕ್ಕ

ವಾಚಕ ಮಹಾಶಯರು ಈ ತಿಂಗಳ ಮಟ್ಟಿಗೆ ನನ್ನನ್ನು ಮನ್ನಿಸಬೇಕು. ಕಾವ್ಯವನ್ನೋ ವ್ಯಾಕರಣವನ್ನೋ ಹಿಡಿದು ಹರಟುವ ಈ ಪುಟದಲ್ಲಿ ಕಾಲ್ಚೆಂಡಾಟದ ಪ್ರಸ್ತಾಪವು ಬಂದುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಆದರೆ ನಮ್ಮ ಮನೆಯಲ್ಲಿ ಹುಟ್ಟಿದ ವಿವಾದವೊಂದು ಇನ್ನೂ ತೀರ್ಮಾನವಾಗದೆ ನಿಂತಿರುವುದರಿಂದ ಬೇರೆ ವಿಷಯಕ್ಕೆ ಮನಸ್ಸು ಏಳಲೊಲ್ಲದು.

ನನ್ನ ಮೊಮ್ಮಗನಿಗೆ 11 ವರ್ಷ. ಶಾಲೆಯ ತಂಡದಲ್ಲಿ ಅವನನ್ನು ಹಿಂದಿನ ಸಾಲಿನಲ್ಲಿ ರಕ್ಷಣೆಗೆ ನಿಲ್ಲಿಸಿದರು. ಮನೆಗೆ ಬಂದವನೇ ಬೂಟುಗಳನ್ನು ಮೂಲೆಗೆ ಎಸೆದು, “ತಾತ, ನಾನಿನ್ನು ಆಡೋಕೆ ಹೋಗೋಲ್ಲ. ಹಿಂದೆ ನಿಂತವರನ್ನ ಯಾರೂ ನೋಡೋದೇ ಇಲ್ಲ” ಎಂದನು. ಕಣ್ಣಿನಲ್ಲಿ ನೀರಿತ್ತು. ಅವನು ಓದುವ ಮೇಜಿನ ಮೇಲಿನ ಗೋಡೆಯಲ್ಲಿ ಸುನಿಲ್ ಚೆಟ್ರಿಯ ಚಿತ್ರವಿದೆ. ನಮಗಿಬ್ಬರಿಗೂ ಪ್ರಿಯವಾದ ಬೆಂಗಳೂರು ಎಫ್‌ಸಿ ತಂಡವು 2013ರಲ್ಲಿ ಹುಟ್ಟಿದಂದಿನಿಂದ ಚೆಟ್ರಿಯ ಹೆಸರೇ ತಂಡದ ಹೆಸರೆಂಬಂತೆ ನಡೆದುಬಂದಿದೆ. ಆತನು ಆ ಕೀರ್ತಿಗೆ ಅರ್ಹನಲ್ಲವೆಂದು ಯಾರೂ ಹೇಳಲಾರರು. ಉಳಿದ ಹತ್ತು ಮಂದಿಯ ಗತಿಯೇನು ಎಂಬುದೊಂದೇ ನನ್ನ ಪ್ರಶ್ನೆ.

ಹುಡುಗನಿಗೆ ನಾನು ಮೊದಲು ಹೇಳಿದುದು ಜಾನ್ ಜಾನ್ಸನ್ನನ ಕಥೆ. ಇಂಗ್ಲೆಂಡಿನಿಂದ ಬಂದು, ತಂಡದ ಮೊದಲ ವರ್ಷದಿಂದಲೂ ರಕ್ಷಣೆಯ ಸಾಲಿನಲ್ಲಿ ಗೋಡೆಯಂತೆ ನಿಂತವನು ಆತ. 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಐ-ಲೀಗಿನ ಕೊನೆಯ ಪಂದ್ಯ. ಎದುರಾಳಿ ಕಲ್ಕತ್ತೆಯ ಮೋಹನ್ ಬಾಗಾನ್. ಗೆದ್ದರೆ ಪ್ರಶಸ್ತಿ ನಮ್ಮದು, ಸಮವಾದರೆ ಅವರದು. ಮಳೆ ಧಾರಾಕಾರವಾಗಿ ಸುರಿಯಿತು. ನಾನೂ ನನ್ನ ಮಗನೂ ತೊಯ್ದು ತೊಪ್ಪೆಯಾಗಿ ಕುಳಿತಿದ್ದೆವು. 41ನೆಯ ನಿಮಿಷದಲ್ಲಿ ಗೋಲು ಹೊಡೆದವನು ಚೆಟ್ರಿಯಲ್ಲ, ಈ ಜಾನ್ಸನ್. ಆಟ ಮುಗಿಯಲು ಮೂರೇ ನಿಮಿಷವಿರುವಾಗ ಕಾರ್ನರಿನಿಂದ ಬಂದ ಚೆಂಡಿಗೆ ಬೆಲ್ಲೊ ರಜಾಕನು ತಲೆಯೊಡ್ಡಿದನು. ಪಂದ್ಯ ಸಮವಾಯಿತು, ಪ್ರಶಸ್ತಿ ಕಲ್ಕತ್ತೆಗೆ ಹೋಯಿತು. ಆ ಮೂರು ನಿಮಿಷಗಳು ಸುಮ್ಮನೆ ಕಳೆದಿದ್ದರೆ ಜಾನ್ಸನ್ನನ ಗೋಲನ್ನು ಊರು ಇಂದಿಗೂ ನೆನೆಯುತ್ತಿತ್ತು. ಮರುವರ್ಷ ಐ-ಲೀಗನ್ನು ತಂಡವು ಮತ್ತೆ ಗೆದ್ದಿತು. ಆಗಲೂ ಹಿಂದೆ ನಿಂತವನು ಅವನೇ.

“ಕೈತಪ್ಪಿದ ಕಥೆ ಯಾಕೆ ಹೇಳ್ತೀಯ ತಾತ?” ಎಂದನು ಹುಡುಗ. ನ್ಯಾಯವಾದ ಆಕ್ಷೇಪಣೆಯೇ. ಆದರೂ ನಾನು ಹಟ ಬಿಡದೆ ಇನ್ನೊಂದು ಸೋಲನ್ನೇ ಎತ್ತಿಕೊಂಡೆನು. 2016ರ ನವೆಂಬರ್ 5ರಂದು ಕತಾರಿನ ದೋಹಾ ನಗರದಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಆ ಮೆಟ್ಟಿಲನ್ನು ಹತ್ತಿರಲಿಲ್ಲ. ನಿತ್ಯದ ಗೋಲ್‌ಕೀಪರನಾದ ಅಮರಿಂದರನಿಗೆ ಹಳದಿ ಚೀಟಿಗಳ ದೆಸೆಯಿಂದ ಆಡುವ ಹಕ್ಕಿರಲಿಲ್ಲ. ಅವನ ಬದಲು ನಿಂತವನು ಲಾಲ್‌ತುವಮ್ಮಾವಿಯ ರಾಲ್ಟೆ. ಇರಾಕಿನ ವಾಯುಪಡೆಯ ತಂಡದವರು ಮೇಲಿಂದ ಮೇಲೆ ಏರಿಬಂದರು. ಅವನು ಮೇಲಿಂದ ಮೇಲೆ ತಡೆದನು. 70ನೆಯ ನಿಮಿಷದಲ್ಲಿ ಒಂದೇ ಒಂದು ಚೆಂಡು ಒಳಹೊಕ್ಕಿತು. ಲೆಕ್ಕದ ಪುಸ್ತಕದಲ್ಲಿ ಆ ಒಂದು ಮಾತ್ರ ಉಳಿಯಿತು.

ನಮ್ಮ ತಾರ್ಕಿಕರು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದರಷ್ಟೆ. ನೆಲದ ಮೇಲೆ ಗಡಿಗೆಯಿಲ್ಲ ಎಂಬುದೂ ಅವರಿಗೆ ಒಂದು ಜ್ಞಾನವೇ. ಪಾಠ ಹೇಳುವ ಕಾಲದಲ್ಲಿ ಇದನ್ನು ಹುಡುಗರಿಗೆ ತಿಳಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ; ರಾಲ್ಟೆಯನ್ನು ತೋರಿಸಿದ್ದರೆ ಒಂದು ಗಳಿಗೆಯಲ್ಲಿ ತಿಳಿಯುತ್ತಿತ್ತು. ಆಗದೆ ಹೋದ ಗೋಲು ಕೂಡ ಯಾರೋ ಮಾಡಿದ ಕೆಲಸವೇ. ಆಟದ ಲೆಕ್ಕ ಬರೆಯುವವರು ತರ್ಕವನ್ನು ಓದಿದವರಲ್ಲವೆಂದು ತೋರುತ್ತದೆ.

ಕೊನೆಗೆ ಗೆದ್ದ ಕಥೆಯನ್ನೂ ಹೇಳಬೇಕಾಯಿತು. 2018ರ ಮಾರ್ಚ್ 17ರಂದು ಐ.ಎಸ್.ಎಲ್. ಅಂತಿಮ ಪಂದ್ಯದಲ್ಲಿ, ನಮ್ಮ ಕಂಠೀರವದಲ್ಲಿಯೇ, ಚೆನ್ನೈಯಿನ್ ತಂಡವು ನಮ್ಮನ್ನು 3–2ರಿಂದ ಸೋಲಿಸಿತು. ಆ ಮೂರರಲ್ಲಿ ಎರಡು ಕಾರ್ನರಿನಿಂದ ಬಂದು ಮೈಲ್ಸನ್ ಆಲ್ವೆಸನ ತಲೆಗೆ ತಾಗಿ ಆದವು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾ ತಂಡದೊಡನೆ ಮತ್ತೆ ಅಂತಿಮ ಪಂದ್ಯ. ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಾಗ ಸ್ಪೇನಿನ ದಿಮಾಸ್ ದೆಲ್ಗಾದೊ ಕಾರ್ನರಿನಿಂದ ಚೆಂಡನ್ನು ಎತ್ತಿ ಕಳುಹಿಸಿದನು. ರಕ್ಷಣೆಯ ಆಟಗಾರನಾದ ರಾಹುಲ್ ಭೇಕೆಯು ತಲೆಯಿಂದ ಅದನ್ನು ಒಳಗೆ ದೂಡಿದನು. ಪಂದ್ಯದ ಏಕೈಕ ಗೋಲು! ಭೇಕೆ ಹುಟ್ಟಿದುದೂ ಮುಂಬೈಯಲ್ಲೇ. ಮುಂದೆ ಅವನು ಮುಂಬೈ ತಂಡಕ್ಕೆ ಹೋಗಿ, ನಾಯಕನಾಗಿ 2024ರಲ್ಲಿ ಅದೇ ಕಪ್ಪನ್ನು ಅವರಿಗೂ ಗೆದ್ದುಕೊಟ್ಟು, ಆ ವರ್ಷವೇ ಬೆಂಗಳೂರಿಗೆ ಮರಳಿದನು.

ಆ ಗೋಲನ್ನು ಎಲ್ಲರೂ ಬಲ್ಲರು. ನಾನು ಮೊಮ್ಮಗನ ಕಿವಿಯಲ್ಲಿ ಹಾಕಲೆತ್ನಿಸಿದುದು ಬೇರೆ. ಗೋವಾದ ಕೋರೊ ಎಂಬವನು ಆ ವರ್ಷ 16 ಗೋಲುಗಳನ್ನು ಹೊಡೆದು ಎಲ್ಲರಿಗಿಂತ ಮುಂದಿದ್ದನು. ಆ ದಿನ ಮಾತ್ರ ಗೋಲ್‌ಕೀಪರ್ ಗುರುಪ್ರೀತನೂ ಹಿಂದಿನ ಸಾಲಿನವರೂ ಅವನಿಗೆ ಒಂದು ಗೋಲಿಗೂ ಎಡೆಗೊಡಲಿಲ್ಲ. ಅದನ್ನು ಮಾಡದಿದ್ದರೆ ಭೇಕೆಯ ತಲೆಗೆ ಏನು ಬೆಲೆಯಿರುತ್ತಿತ್ತು?

ಹುಡುಗನು ಬಹಳ ಹೊತ್ತು ಯೋಚಿಸಿ, “ಹಾಗಾದ್ರೆ ಕಾರ್ನರ್ ಬಂದಾಗ ನಾನೂ ಮುಂದೆ ಓಡಬಹುದಾ ತಾತ?” ಎಂದು ಕೇಳಿದನು. ಅಭಾವ ಪದಾರ್ಥವು ಅವನಿಗೆ ಎಷ್ಟು ಹಿಡಿಸಿತೋ ತಿಳಿಯದು. ಈ ವರ್ಷದ ಪಂದ್ಯಗಳು ಮುಗಿಯುವವರೆಗೆ ಹಿಂದೆ ನಿಲ್ಲುವೆನೆಂದು ಒಪ್ಪಿದ್ದಾನೆ. ಅದಕ್ಕೆ ಪ್ರತಿಯಾಗಿ ನಾನು ದಿನವೂ ಸಂಜೆ ಹಿತ್ತಲಿನಲ್ಲಿ ದಿಮಾಸನ ಪಾತ್ರ ವಹಿಸಿ ಚೆಂಡನ್ನು ಕೈಯಿಂದ ಎಸೆಯಬೇಕೆಂದು ಕರಾರಾಗಿದೆ. ನಿನ್ನೆ ಅದು ಒಣಹಾಕಿದ್ದ ಸಂಡಿಗೆಯ ಮೇಲೆ ಬಿದ್ದುದರಿಂದ ನಮ್ಮ ಮನೆಯಾಕೆಯು ಇಬ್ಬರಿಗೂ ಹಳದಿ ಚೀಟಿ ತೋರಿಸಿದ್ದಾಳೆ.