ನೋಡಿ ಬಂದವರ ಸಾಕ್ಷಿ

'ದೇಶ ಸುತ್ತು, ಕೋಶ ಓದು' ಎಂದು ಹಿರಿಯರು ಎರಡು ಕೆಲಸ ಹೇಳಿದ್ದರು. ನಾವು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಕೈಬಿಟ್ಟಿದ್ದೇವೆ. ಪ್ಯಾಕೇಜ್ ಟೂರಿಗೆ ಹಣ ಕಟ್ಟಿದವರೊಡನೆ ಆ ದೇಶದ ಆಳ್ವಿಕೆ ಎಂಥದೆಂದು ಕೇಳಿ ನೋಡಿ. 'ನಮಗೆ ರಾಜಕೀಯ ಯಾಕೆ? ನಾಲ್ಕು ದಿನ ನೋಡಿ ಬರುವವರು ನಾವು' ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಮಾತು ಕೇಳಲು ಸಾಧುವಾಗಿದ್ದರೂ ಒಪ್ಪತಕ್ಕದ್ದಲ್ಲ.

ಬರ್ಮಾದ ಸಂಗತಿಯನ್ನೇ ತೆಗೆದುಕೊಳ್ಳೋಣ. 1988ರಲ್ಲಿ ಅಲ್ಲಿಯ ಸೇನೆ ಜನರ ಚಳವಳಿಯನ್ನು ಗುಂಡಿಟ್ಟು ಅಡಗಿಸಿತು. 1990ರ ಚುನಾವಣೆಯಲ್ಲಿ ಆಂಗ್ ಸಾನ್ ಸೂಕಿ ಅವರ ಪಕ್ಷ ಐದರಲ್ಲಿ ನಾಲ್ಕು ಪಾಲು ಸ್ಥಾನಗಳನ್ನು ಗೆದ್ದರೂ ಅಧಿಕಾರ ಬಿಟ್ಟುಕೊಡಲಿಲ್ಲ. ಅದೇ ಸೇನಾ ಸರಕಾರ 1996ರಲ್ಲಿ 'ಮ್ಯಾನ್ಮಾರ್ ಸಂದರ್ಶನ ವರ್ಷ'ವೆಂದು ಸಾರಿ, ಐದು ಲಕ್ಷ ಪ್ರವಾಸಿಗಳನ್ನು ಬರಮಾಡುವ ಗುರಿ ಇಟ್ಟುಕೊಂಡಿತು. ಅತಿಥಿಗಳು ಬರುತ್ತಾರೆಂದು ಮಂಡಾಲೆಯ ಅರಮನೆಯ ಕಂದಕದ ಹೂಳೆತ್ತಿಸಲಾಯಿತು. ಹೂಳೆತ್ತಿದವರು ಸರಪಳಿ ತೊಟ್ಟ ಕೈದಿಗಳು ಮತ್ತು ಬಿಟ್ಟಿ ಚಾಕರಿಗೆ ಹಿಡಿಯಲ್ಪಟ್ಟ ಊರಿನ ಜನ. ಬರ್ಮಾದಲ್ಲಿ ಬಲವಂತದ ದುಡಿಮೆ ವ್ಯಾಪಕವಾಗಿ, ವ್ಯವಸ್ಥಿತವಾಗಿ ನಡೆಯುತ್ತಿದೆಯೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವಿಚಾರಣಾ ಆಯೋಗ 1998ರಲ್ಲಿ ಹೇಳಿತು.

ನಮ್ಮ ಲೋಕಮಾನ್ಯ ತಿಲಕರು 1908ರಿಂದ 1914ರವರೆಗೆ ಸೆರೆಯಲ್ಲಿದ್ದು 'ಗೀತಾ ರಹಸ್ಯ' ಬರೆದದ್ದು ಇದೇ ಮಂಡಾಲೆಯಲ್ಲಿ. ಹಿಂದಿನ ಒಬ್ಬ ಸೆರೆಯಾಳಿನ ನೆನಪಿಗೆ ಕೈಮುಗಿಯಲು ಹೋದವರು, ಇಂದಿನ ಸೆರೆಯಾಳು ಹೂಳೆತ್ತಿದ ಕಂದಕದ ಚಂದವನ್ನು ಹೊಗಳಿ ಬಂದರೆ ಆ ಕೈಮುಗಿದುದಕ್ಕೆ ಅರ್ಥವೇನು?

ಬ್ಯಾಂಕಿನ ಗುಮಾಸ್ತನಾದ ನನಗೆ ಹಣ ಯಾವ ಖಾತೆಗೆ ಹೋಯಿತು ಎಂಬುದು ಮೊದಲ ಪ್ರಶ್ನೆ. ಆ ದಿನಗಳಲ್ಲಿ ಸ್ವಂತವಾಗಿ ಬರ್ಮಾಕ್ಕೆ ಹೋದ ಪ್ರವಾಸಿ ವಿಮಾನ ಇಳಿದ ಕೂಡಲೆ ನಿಗದಿಯಾದಷ್ಟು ಡಾಲರನ್ನು, ಒಂದು ಹಂತದಲ್ಲಿ 300 ಡಾಲರನ್ನು, ಸರಕಾರದ ಕೌಂಟರಿನಲ್ಲಿ ಕೊಟ್ಟು ವಿನಿಮಯ ಪತ್ರ ಪಡೆಯಬೇಕಿತ್ತು. ಈ ಕಡ್ಡಾಯ 2003ರವರೆಗೂ ಇತ್ತು. ಪ್ರವಾಸಿ ಹೊರಗೆ ಬಂದು ಒಂದು ಲೋಟ ಚಹಾ ಕುಡಿಯುವ ಮೊದಲೇ ಅವನ ಡಾಲರು ಆಳುವವರ ಕೈಸೇರಿರುತ್ತಿತ್ತು. ಹೀಗಿರುವಾಗ 'ನನಗೂ ರಾಜಕೀಯಕ್ಕೂ ಸಂಬಂಧವಿಲ್ಲ' ಎಂದರೆ ನಂಬುವವರು ಯಾರು?

'ಹಾಗಾದರೆ ಎಲ್ಲಿಗೂ ಹೋಗಬಾರದೇ? ಗಲ್ಫಿನಲ್ಲಿ ಮಕ್ಕಳಿರುವ ನಾವು ಈ ಮಾತು ಆಡಬಹುದೇ?' ಎಂದು ಕೇಳುವವರಿದ್ದಾರೆ. ಹೊಟ್ಟೆಪಾಡಿಗೆ ಹೋದವನನ್ನೂ ಮೋಜಿಗೆ ಹೋದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ದುಡಿಯಲು ಹೋದವನಿಗೆ ಬೇರೆ ದಾರಿ ಕಡಿಮೆ. ಪ್ರವಾಸಿಗೆ ಲೋಕವೆಲ್ಲ ತೆರೆದಿದೆ. ಆರಿಸುವವನು ಅವನೇ, ಆದ್ದರಿಂದ ಹೊಣೆಯೂ ಅವನದೇ.

ಎಲ್ಲಿ ಹೋಗಬಾರದೆಂದು ತೀರ್ಮಾನಿಸುವವರು ಯಾರು? ಅಲ್ಲಿ ನೋವುಣ್ಣುತ್ತಿರುವವರು. ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯನ್ನು ಪ್ರತಿಭಟಿಸಿ ಭಾರತ 1946ರಲ್ಲೇ ಆ ದೇಶದೊಡನೆ ವ್ಯಾಪಾರ ನಿಲ್ಲಿಸಿತು. ನಮ್ಮ ಪಾಸ್‌ಪೋರ್ಟುಗಳು ಬಹುಕಾಲ ಅಲ್ಲಿಗೆ ಸಲ್ಲುತ್ತಿರಲಿಲ್ಲ. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲಿನಲ್ಲಿ ಅವರೊಡನೆ ಆಡದೆ ಕಪ್ಪನ್ನೇ ಬಿಟ್ಟುಕೊಟ್ಟೆವು. ಅಲ್ಲಿಯ ಕರಿಯರೇ ಬಹಿಷ್ಕಾರವನ್ನು ಕೇಳಿದ್ದರು. ಅದೇ ಅದಕ್ಕೆ ಬಲ. ಬರ್ಮಾದಲ್ಲಿಯೂ 1996ರಲ್ಲಿ 'ಈಗ ಬರಬೇಡಿ' ಎಂದವರು ಸೂಕಿಯವರೇ. 2010ರ ಬಳಿಕ ಅವರ ಪಕ್ಷ, ದೊಡ್ಡ ಗುಂಪುಗಳು ಬೇಡ, ಒಬ್ಬೊಬ್ಬರಾಗಿ ಬಂದು ಜನರೊಡನೆ ಬೆರೆಯುವವರು ಬರಲಿ ಎಂದು ನಿಲುವು ಬದಲಿಸಿತು. ಅಂಥವರು ಹೋದದ್ದು ತಪ್ಪಲ್ಲ. ಸಣ್ಣ ವಸತಿಗೃಹದಲ್ಲಿ ತಂಗಿ ಬೀದಿಬದಿಯ ಅಂಗಡಿಯಲ್ಲಿ ಉಂಡವರ ಹಣ ಒಂದು ಸಂಸಾರಕ್ಕಾದರೂ ಮುಟ್ಟೀತು.

ಆದರೆ ವ್ಯಕ್ತಿಪೂಜೆಯೂ ಸಲ್ಲದು. 2017ರಲ್ಲಿ ಏಳು ಲಕ್ಷಕ್ಕೂ ಮಿಕ್ಕಿ ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿಹೋದಾಗ ಸರಕಾರದಲ್ಲಿದ್ದವರು ಇದೇ ಸೂಕಿ. 2019ರಲ್ಲಿ ಹೇಗ್ ನಗರದ ನ್ಯಾಯಾಲಯದಲ್ಲಿ ತಮ್ಮ ದೇಶದ ಪರವಾಗಿ ವಾದಿಸಿದವರೂ ಅವರೇ. 2021ರ ಫೆಬ್ರವರಿ 1ರಂದು ಸೇನೆ ಮತ್ತೆ ಅಧಿಕಾರ ಕಸಿದು ಅವರನ್ನೂ ಬಂಧಿಸಿತು. ಆದ್ದರಿಂದ ಒಮ್ಮೆ ಕೇಳಿ ತಿಳಿದದ್ದು ಎಂದೆಂದಿಗೂ ಸಾಕಾಗುವುದಿಲ್ಲ. ಪ್ರತಿ ಸಲವೂ, ಎಲ್ಲ ಕಡೆಯವರ ದನಿಗೂ ಕಿವಿಗೊಟ್ಟು ಕೇಳಬೇಕು.

ಹಣಕ್ಕಿಂತ ದೊಡ್ಡದು ಇನ್ನೊಂದಿದೆ. ಹೋಗಿ ಬಂದವರು ಊರಿನಲ್ಲಿ ಆಡುವ ಮಾತು. 'ಪೇಪರಿನವರು ಸುಮ್ಮನೆ ಬರೆಯುತ್ತಾರೆ. ಅಲ್ಲಿ ಏನೂ ತೊಂದರೆಯಿಲ್ಲ. ರಸ್ತೆ ಚೆನ್ನಾಗಿದೆ, ಜನ ನಗುನಗುತ್ತಾ ಇದ್ದಾರೆ.' ದಬ್ಬಾಳಿಕೆಯ ಸರಕಾರಕ್ಕೆ ಡಾಲರಿಗಿಂತಲೂ ಬೇಕಾದದ್ದು ಈ ಸಾಕ್ಷಿ. ಗೈಡು ತೋರಿಸಿದ್ದನ್ನು ಕಂಡವರು, ತೋರಿಸದೆ ಇದ್ದುದು ಇಲ್ಲವೇ ಇಲ್ಲ ಎಂದು ಪ್ರಮಾಣ ಮಾಡುತ್ತಾರೆ.

ಗಡಿನಾಡಿನ ನಮಗೆ ಇದು ಅರ್ಥವಾಗಬೇಕು. ಬರ್ಮಾದ ಸಂಕಟಕ್ಕೂ ನಮ್ಮ ಅಳಲಿಗೂ ಹೋಲಿಕೆ ಇಲ್ಲ. ಇಲ್ಲಿ ಮತವಿದೆ, ನ್ಯಾಯಾಲಯವಿದೆ, ಈ ಸಂಚಿಕೆಯಲ್ಲಿ ಪಕ್ಕದ ಪುಟದಲ್ಲೇ ಬರೆಯುವ ಮಲಯಾಳಿ ಮಿತ್ರರಿದ್ದಾರೆ. ಆದರೂ ಕೆಳದಿಯ ನಾಯಕರು ಕಟ್ಟಿಸಿದ ಬೇಕಲ ಕೋಟೆಯ ಮೇಲೆ ಫೋಟೋ ತೆಗೆಸಿಕೊಂಡು, 'ಕಾಸರಗೋಡಿನಲ್ಲಿ ಕನ್ನಡ ಎಲ್ಲಿದೆ? ಒಂದು ಬೋರ್ಡೂ ಕಾಣಲಿಲ್ಲ' ಎಂದು ಹೋಗುವ ಅತಿಥಿಯ ಮಾತು ನಮಗೆ ಚುಚ್ಚುವುದಿಲ್ಲವೇ? ಅವರು ನಮ್ಮ ಒಂದು ಮನೆಯ ಜಗಲಿ ಹತ್ತಿದವರಲ್ಲ, ಒಂದು ಕನ್ನಡ ಶಾಲೆಯ ಬಾಗಿಲು ನೋಡಿದವರಲ್ಲ. ನಮ್ಮ ವಿಷಯದಲ್ಲಿ ಪರರು ಆಡಬಾರದ ಮಾತನ್ನು ಪರರ ವಿಷಯದಲ್ಲಿ ನಾವು ಆಡಬಾರದು.

ಆದ್ದರಿಂದ ಮುಂಗಡ ಕಟ್ಟುವ ಮೊದಲು ಮೂರು ವಿಷಯ ವಿಚಾರಿಸಿರಿ. ಅಲ್ಲಿ ಆಳುವವರು ಯಾರು, ನಮ್ಮ ಹಣ ಯಾರಿಗೆ ಸೇರುತ್ತದೆ, ಅಲ್ಲಿಯ ಜನ ನಮ್ಮನ್ನು ಬನ್ನಿ ಎನ್ನುತ್ತಾರೋ ಬೇಡ ಎನ್ನುತ್ತಾರೋ. ಬೇಡ ಎಂದರೆ ಹೋಗಬೇಡಿರಿ. ನೋಡಲು ಬೇರೆ ಊರುಗಳಿವೆ. ಹೋದರೆ, ಬಂದ ಮೇಲೆ ಕಂಡದ್ದನ್ನಷ್ಟೇ ಹೇಳಿರಿ. ಕಾಣದಿದ್ದುದರ ಬಗ್ಗೆ ಸಾಕ್ಷಿ ನುಡಿಯಬೇಡಿರಿ.