ಮೂಲವ್ಯಾಧಿಯೆಂದು ಮುಚ್ಚಿಡಬೇಡಿ!



ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಮುಚ್ಚಿಡುತ್ತೇವೆ. ಹೇಳಲು ನಾಚಿಕೆ, ಧಣಿಗಳಲ್ಲಿ ರಜೆ ಕೇಳಲು ಹೆದರಿಕೆ. ಅದು ದೊಡ್ಡ ಕರುಳಿನ ಕ್ಯಾನ್ಸರೂ ಆಗಿರಬಹುದು. ರಕ್ತ ಕಂಡವರು ಇಂದೇ ವೈದ್ಯರಿಗೆ ತೋರಿಸಿ.

ಬಾಯಿಯಲ್ಲಿ ವಾಸಿಸುವ ಫ್ಯೂಸೋಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿ ಈ ಕರುಳಿನ ಗಡ್ಡೆಗಳಲ್ಲಿ ಹೆಚ್ಚಾಗಿರುವುದನ್ನು ಅಮೆರಿಕ, ಕೆನಡಾಗಳ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ಮಲದಲ್ಲಿನ ಸೂಕ್ಷ್ಮಜೀವಿಗಳಿಂದಲೇ ರೋಗವನ್ನು ಮೊದಲೇ ಹಿಡಿಯುವ ಸಂಶೋಧನೆ ನಡೆದಿದೆ. ನಡೆಯಲಿ, ಸಂತೋಷ! ಆದರೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನೂ ಪತ್ತೆಹಚ್ಚುವ ಅಗ್ಗದ ಪರೀಕ್ಷೆ ಈಗಲೇ ಇದೆಯಲ್ಲ, ಅದೇಕೆ ನಮಗಿಲ್ಲ? ಕೇಂದ್ರ ಸರಕಾರದ ಸಾಮೂಹಿಕ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕೊರಳುಗಳಿಗೆ ಮಾತ್ರ. ಕರುಳು ಲೆಕ್ಕಕ್ಕಿಲ್ಲ!

45 ದಾಟಿದ ಪ್ರತಿ ಕಾರ್ಮಿಕನಿಗೂ ಇ.ಎಸ್.ಐ. ದವಾಖಾನೆಯಲ್ಲಿ ಈ ಪರೀಕ್ಷೆ ಆಗಲೇಬೇಕು. ಇದು ಭಿಕ್ಷೆಯಲ್ಲ. ಸಂಬಳದ ನೂರು ರೂಪಾಯಿಗೆ 75 ಪೈಸೆ ನಾವೇ ತೆರುತ್ತಿದ್ದೇವೆ.